ಸೀರಿಯಲ್ಲಿನ ಮಾವ

ಕೊಂಢವಾ ಬಡಾವಣೆಯ ನಮ್ಮ ಚಾಳು-ವಠಾರದ ಪೇಂಟರ್ ಗದಿಗೆಪ್ಪನವರು ಯಾರ ಚಿತ್ರ ಬರೆದರೂ ಮೀಸೆ ಮಾತ್ರ ತಮ್ಮದೇ ಇಡುತ್ತಾರೆ. 'ಮುಖಾ ತಪ್ಪಿದ್ರ ನಡೀತದ್ರಿ, ಮೀಸಿ ತಪ್ಪಬಾರ್ದು' ಎಂಬುದು ಅವರ ವೇದವಾಕ್ಯ. ಹೀಗಾಗಿ ಮಾರ್ಕೆಟ್ ಯಾರ್ಡಿನ ಅಂಗಡಿಗಳಲ್ಲಿ ತೂಗುವ ತೀರಿಕೊಂಡ ಅಪ್ಪಂದಿರೆಲ್ಲ ಅಣ್ಣತಮ್ಮಂದಿರಂತೆ ಕಾಣುತ್ತಾರೆ. ಮರಾಠಿ ಸೀರಿಯಲ್ಲಿನ ಮಂದಿ ಬಂದು, ಕಥೆಯಲ್ಲಿ ಸತ್ತುಹೋದ ಮಾವನ ಪಟ ಬೇಕು, ಮುಖ ಯಾರದಾದರೂ ಆದೀತು ಎಂದಾಗ ಅವರು ಕನ್ನಡಿ ಮುಂದಿಟ್ಟುಕೊಂಡು ಮೀಸೆಯ ಜೊತೆಗೆ ಮುಖವನ್ನೂ ತಮ್ಮದೇ ಬರೆದುಕೊಟ್ಟರು. ಟಿವಿಯಲ್ಲಿ ಆ ಪಟಕ್ಕೆ ಗಂಧದ ಹಾರ ಬಿದ್ದದ್ದನ್ನು ನೋಡಿ ಪಕ್ಕದ ಮನೆಯ ರುದ್ರವ್ವ ಎದೆ ಬಡಿದುಕೊಂಡಳು: 'ಜೀವಂತ ಇದ್ದವ್ರಿಗೆ ಹಾರ ಹಾಕ್ತಾರೇನ್ರಿ ಅಣ್ಣಾರ? ಅಪಶಕುನ!' ಗದಿಗೆಪ್ಪನವರು ಮೀಸೆ ತಿರುವಿ, 'ಆಮ್ಯಾಲ ಹಾಕೋರು ಯಾರದಾರವ್ವಾ?' ಎಂದು ನಕ್ಕರು. ಈಗ ದಿನಾ ಸಂಜೆ ಸೀರಿಯಲ್ಲಿನ ಹೊತ್ತಿಗೆ ಅವರು ಮುಖ ತೊಳೆದು, ಇಸ್ತ್ರಿಯ ಅಂಗಿ ತೊಟ್ಟು, ತಮ್ಮ ಒಂಟಿ ಖೋಲಿಯಲ್ಲಿ ಟಿವಿಯ ಎದುರು ನೆಟ್ಟಗೆ ಕೂರುತ್ತಾರೆ. ಸೊಸೆಯ ಪಾತ್ರದ ಹುಡುಗಿ ದೀಪ ಹಚ್ಚಿ, 'ಬಾಬಾ, ಆಶೀರ್ವಾದ ದ್ಯಾ' ಎಂದು ಪಟಕ್ಕೆ ಕೈಮುಗಿಯುತ್ತಾಳೆ. ಇತ್ತ ಗದಿಗೆಪ್ಪನವರ ಬಣ್ಣ ಮೆತ್ತಿದ ಬಲಗೈ ಮೇಲೇಳುತ್ತದೆ: 'ಛಂದಾಗಿ ಬಾಳವ್ವಾ. ನಾಳೆನೂ ಬಾ.'