ಇಪ್ಪತ್ತೆಂಟರ ಲೆನ್ಸಿನಲ್ಲಿ ಗೌರಕ್ಕ

ಕಂದು ಚರ್ಮದ ಆ ಕ್ಯಾಮೆರಾ ಚೀಲದ ಗುಂಡಿ ಬಿಚ್ಚಿದರೆ ಸಾಕು, ನುಸಿಗುಳಿಗೆಯ ವಾಸನೆಯ ಹಿಂದೆಯೇ ದೊಡ್ಡಬಳ್ಳಾಪುರದ ನಮ್ಮ ಮನೆ ಎದ್ದು ಬರುತ್ತದೆ. ಬೀದಿಗೆ ಕಿರಿದಾಗಿ, ಒಳಗೆ ರೈಲುಬೋಗಿಯಂತೆ ಉದ್ದಕ್ಕಿದ್ದ ಮನೆ. ಹಜಾರದಲ್ಲಿ ನಾಲ್ಕು ಮಗ್ಗ, ನಡುವೆ ಪುಟ್ಟ ಅಂಗಳ, ಹಿಂದೆ ಅಡುಗೆಮನೆ. ಮಗ್ಗಗಳು ಓಡುತ್ತಿದ್ದರೆ ನೆಲವೇ ನಮ್ಮ ಅಂಗಾಲಿಗೆ ಕಚಗುಳಿಯಿಡುತ್ತಿತ್ತು. ಲಾಳಿಗೆ ನೂಲಿನ ಕಂಡಿಕೆ ಸುತ್ತಲು ರಾಜಘಟ್ಟದಿಂದ ಬಂದು ನಮ್ಮಲ್ಲೇ ಉಳಿದವಳು ಗೌರಕ್ಕ. ಅಪ್ಪ ನಾನು ಹುಟ್ಟುವ ಮುನ್ನವೇ ಹೋಗಿದ್ದರು, ನಾನು ಎಂಟು ತಿಂಗಳ ಕೂಸಾಗಿದ್ದಾಗ ಅಮ್ಮನೂ ತೀರಿಕೊಂಡಳು. ಅಂದಿನಿಂದ ಗೌರಕ್ಕ ಒಂದು ಕೈಯಲ್ಲಿ ರಾಟೆ ತಿರುಗಿಸುತ್ತಾ ಇನ್ನೊಂದರಲ್ಲಿ ನನ್ನನ್ನು ತೊಡೆಯ ಮೇಲೆ ಹಿಡಿದುಕೊಂಡೇ ಬೆಳೆಸಿದಳು.

ಕ್ಯಾಮೆರಾ ನನ್ನ ಸೋದರತ್ತೆ ಶಾರದೆಯದು. ಮದುವೆ ಬೇಡವೆಂದು ಹಟ ಹಿಡಿದು ಪೇಟೆಯ ಫೋಟೊ ಸ್ಟುಡಿಯೋ ಸೇರಿದ್ದಳು. ಅಂಗಡಿ ಮುಚ್ಚುವಾಗ ಮುದುಕ ಮಾಲೀಕರು ತಮ್ಮ ರೇಂಜ್‌ಫೈಂಡರ್ ಕ್ಯಾಮೆರಾವನ್ನೂ ಎರಡು ಅಗಲದ ಲೆನ್ಸುಗಳನ್ನೂ ಅವಳಿಗೇ ಕೊಟ್ಟುಬಿಟ್ಟರು. ಒಂದು ಮೂವತ್ತೈದು ಮಿಲಿಮೀಟರಿನದು, ಇನ್ನೊಂದು ಅದಕ್ಕಿಂತಲೂ ಅಗಲಕ್ಕೆ ಹಿಡಿಯುವ ಇಪ್ಪತ್ತೆಂಟರದು. ಕಿಂಡಿಯೊಳಗೆ ಎರಡಾಗಿ ಕಾಣುವ ಮುಖ ಒಂದಾಗುವವರೆಗೆ ಅತ್ತೆ ಉಂಗುರ ತಿರುಗಿಸುತ್ತಿದ್ದರೆ, ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

ನನಗೆ ಹತ್ತು ವರ್ಷವಿದ್ದಾಗ ಮನೆ ಪಾಲಾಯಿತು. ಅಂಗಳದ ನಡುವೆ ಗೋಡೆ ಏಳುವ ಮುನ್ನ ಎಲ್ಲರೂ ಸೇರಿ ಒಂದು ಫೋಟೊ ತೆಗೆಸಿಕೊಳ್ಳಬೇಕೆಂದು ದೊಡ್ಡಪ್ಪ ಹೇಳಿದರು. ಅತ್ತೆ ಒಂದು ಭಾನುವಾರ ಅಡುಗೆಮನೆಯ ಗೋಡೆಗೆ ಬೆನ್ನು ಒತ್ತಿ ನಿಂತು, ಎದುರಿನ ಒಂದು ಮೂಲೆಯಲ್ಲಿ ನನ್ನನ್ನೂ ಇನ್ನೊಂದರಲ್ಲಿ ಗೌರಕ್ಕನನ್ನೂ ನಿಲ್ಲಿಸಿ, ಎರಡೂ ಲೆನ್ಸುಗಳಲ್ಲಿ ತೆಗೆದು ನೋಡಿದಳು. ಪ್ರಿಂಟುಗಳನ್ನು ಚಾಪೆಯ ಮೇಲೆ ಹರಡಿ ಮನೆಯವರಿಗೆಲ್ಲ ತೋರಿಸಿದಳು. ಮೂವತ್ತೈದರಲ್ಲಿ ಕಂಬಗಳು ನೆಟ್ಟಗೆ, ಬೆಳಕು ಒಂದೇ ಸಮ. ಆದರೆ ನಾವಿಬ್ಬರೂ ಅರ್ಧರ್ಧ. ಇಪ್ಪತ್ತೆಂಟರಲ್ಲಿ ಇಡೀ ಅಂಗಳವೇ ಇತ್ತು. ಮೂಲೆಗಳು ಮಾತ್ರ ಕಪ್ಪಿಟ್ಟು, ಅಂಚಿನ ಮುಖಗಳು ಕುಂಬಳಕಾಯಿಯಂತೆ ಅಡ್ಡಕ್ಕೆ ಹಿಗ್ಗಿದ್ದವು.

ಫೋಟೊ ದಿನ ಬೆಳಗ್ಗೆ ದೊಡ್ಡಪ್ಪ ಎಲ್ಲರನ್ನೂ ಸಾಲಾಗಿ ಕೂರಿಸಿದರು. ಗೌರಕ್ಕ ಹೊಸ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು.

"ಜಾಗ ಸಾಲಲ್ಲ. ಮನೆಯೋರು ಮಾತ್ರ ಇರ್ಲಿ, ಗೌರಿ ಆಚೆ ಇರ್ತಾಳೆ" ಅಂದರು ದೊಡ್ಡಪ್ಪ.

ಗೌರಕ್ಕ ತಲೆ ತಗ್ಗಿಸಿ ಒಳಗೆ ತಿರುಗಿದಳು. ಅತ್ತೆ ಮೂವತ್ತೈದರ ಲೆನ್ಸು ಬಿಚ್ಚಿ ಇಪ್ಪತ್ತೆಂಟರದನ್ನು ಹಾಕಿದಳು.

"ಈಗ ಸಾಲುತ್ತೆ ಅಣ್ಣ."

"ಅದ್ರಲ್ಲಿ ಅಂಚಿನೋರ ಮುಖ ಕೆಟ್ಟೋಗುತ್ತೆ ಅಂತ ನೀನೇ ತೋರಿಸ್ದೆ!"

"ಹೂಂ. ಅದಕ್ಕೇ ಅಂಚಲ್ಲಿ ನೀನು ನಿಂತ್ಕೋ. ಗೌರಕ್ಕ ಮಧ್ಯಕ್ಕೆ ಬರ್ಲಿ."

"ಬ್ಯಾಡ ಕಣವ್ವಾ, ಯಾಕ್ ಸುಮ್ಕೆ" ಎಂದು ಗೌರಕ್ಕ ಹಿಂಜರಿದಳು. ನಾನು ಎದ್ದು ಹೋಗಿ ಅವಳ ಕೈ ಹಿಡಿದು ಎಳೆದುಕೊಂಡು ಬಂದೆ. ದೊಡ್ಡಪ್ಪ ನನ್ನನ್ನು ಸುಡುವಂತೆ ನೋಡಿದರು. ನಾನು ಕಣ್ಣು ತಗ್ಗಿಸಲಿಲ್ಲ. "ಕ್ಯಾಮೆರಾ ನನ್ನದು. ಬೇಡ ಅಂದ್ರೆ ಈಗ್ಲೇ ಚೀಲಕ್ಕೆ ಹಾಕ್ತೀನಿ" ಅಂದಳು ಅತ್ತೆ. ದೊಡ್ಡಪ್ಪ ಗೊಣಗುತ್ತಾ ಅಂಚಿಗೆ ಹೋಗಿ ನಿಂತರು.

ಅವರು ಆ ಫೋಟೊವನ್ನು ಗೋಡೆಗೆ ಹಾಕಲೇ ಇಲ್ಲ. ಅತ್ತೆಯ ಜೊತೆ ಮತ್ತೆ ಮಾತಾಡಲೂ ಇಲ್ಲ. ಅತ್ತೆಯೂ ಸೋಲಲಿಲ್ಲ, ಗೌರಕ್ಕನನ್ನೂ ನನ್ನನ್ನೂ ಕರೆದುಕೊಂಡು ಬಾಡಿಗೆ ಮನೆಗೆ ಹೋದಳು. ಆ ಮನೆಯಲ್ಲೇ ಗೌರಕ್ಕ ನನ್ನ ಮಡಿಲಲ್ಲಿ ತಲೆಯಿಟ್ಟು ಕಣ್ಣು ಮುಚ್ಚಿದಳು. ಈಗ ಅತ್ತೆಯೂ ಇಲ್ಲ. ಹಳೆಯ ಮನೆಯ ಜಾಗದಲ್ಲಿ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳ ಪಾಳಿ ಕೆಲಸಗಾರರಿಗೆ ಬಾಡಿಗೆ ಕೋಣೆಗಳೆದ್ದಿವೆ.

ಹೋದ ತಿಂಗಳು ದೊಡ್ಡಪ್ಪನ ಮಗ ಫೋನ್ ಮಾಡಿದ್ದ. ಮನೆತನದ ಪುಸ್ತಕ ಮಾಡಿಸುತ್ತಾನಂತೆ. "ಆ ಕೆಲಸದವಳನ್ನ ತೆಗೆದು ಫೋಟೊ ಕಳಿಸಕ್ಕಾಗುತ್ತಾ ಅಕ್ಕ?" ಎಂದ. "ಹಾಕೋದಾದ್ರೆ ಇಡೀ ಫೋಟೊ ಹಾಕು. ಇಲ್ಲಾಂದ್ರೆ ನನ್ನ ಹೆಸರೂ ಬೇಡ" ಎಂದು ಫೋನಿಟ್ಟೆ. ಅಂಚಿನಲ್ಲಿ ನಿಂತಿದ್ದರೆ ಅವಳನ್ನು ಯಾರು ಬೇಕಾದರೂ ಕತ್ತರಿಸಿ ಎಸೆಯಬಹುದಿತ್ತು. ಅತ್ತೆಗೆ ಅದು ಅಂದೇ ಗೊತ್ತಿತ್ತೇನೋ. ಇಪ್ಪತ್ತಾರು ಜನರ ನಟ್ಟನಡುವೆ, ಒಂದಿಷ್ಟೂ ಕೆಡದ ಮುಖದಲ್ಲಿ, ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಾಳೆ ನಮ್ಮ ಗೌರಕ್ಕ.