ನೆಲಮಾಳಿಗೆಯಿಂದ ಹೊರಡುವ ತೊಟ್ಟಿಲು

ಬೆಳಗು ಇನ್ನೂ ಪೂರ್ತಿ ಕಣ್ಣು ಬಿಟ್ಟಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಕಿಟಕಿಯಿಲ್ಲದ ತಣ್ಣನೆಯ ಕೋಣೆಯಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಮಂಡಿಯೂರಿ ಹಳೆಯ ಸ್ವಿಚ್ಚೊಂದರ ತಿರುಪು ಬಿಚ್ಚುತ್ತಿದ್ದಾರೆ. ಗೋಡೆಯ ಮೇಲಿನ ದೀಪದ ಸ್ವಿಚ್ಚಲ್ಲ ಇದು. ಕಟ್ಟಡದ ಕಂಪ್ಯೂಟರು, ಕ್ಯಾಮೆರಾ, ಟೀವಿಗಳ ತಂತಿಗಳೆಲ್ಲ ಬಂದು ಸೇರುವ ಚಪ್ಪಟೆ ಪೆಟ್ಟಿಗೆ. ತಾಯಂದಿರು ಮಲಗಿರುವ ಹೊತ್ತು ನೋಡಿಯೇ ಹಳೆಯದನ್ನು ಇಳಿಸಿ ಹೊಸದನ್ನು ಏರಿಸುತ್ತಾರೆ. ಪರದೆಯಲ್ಲಿ ಒಂದೊಂದು ಹಾಸಿಗೆಗೆ ಹರಿಯುವ ಚಿತ್ರದ ಅಂಕಿಗಳು ಏರುವುದನ್ನು ಕಂಡು ಕಪಾಟಿನ ಬಾಗಿಲು ಮುಚ್ಚುತ್ತಾರೆ. ದಾದಿಯರು ಇವರನ್ನು ಕರೆಯುವುದು ‘ಪಾತಾಳಕ್ಕ’ ಎಂದು.

ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳು ಎರಡನೆಯ ಮಹಡಿಯ ಗಾಜಿನ ಪೆಟ್ಟಿಗೆಗಳಲ್ಲಿವೆ. ಹೊಲಿಗೆ ಮಾಗದ ತಾಯಂದಿರು ನಾಲ್ಕನೆಯ ಮಹಡಿಯಲ್ಲಿ. ಪ್ರತಿ ಮಗುವಿನ ಮೇಲೊಂದು ಕ್ಯಾಮೆರಾ. ಅಲ್ಲಿಂದ ಹೊರಡುವ ಚಿತ್ರ ಒಂದೇ. ತಾಯಿಯ ಹಾಸಿಗೆ ಪಕ್ಕದ ಟೀವಿ, ದಾದಿಯ ಮೇಜು, ವೈದ್ಯರ ಕೋಣೆ, ಹೀಗೆ ಕೇಳಿದ ಕಡೆಗಷ್ಟೇ ಸ್ವಿಚ್ಚು ಅದರ ಪ್ರತಿಗಳನ್ನು ಹಂಚುತ್ತದೆ.

“ಎಲ್ಲಾ ಕಡೆ ಸುರಿದ್ರೆ ತಂತಿ ಉಸಿರುಗಟ್ಟುತ್ತೆ,” ಎನ್ನುತ್ತಾರೆ ಪಾತಾಳಕ್ಕ. “ಅದಕ್ಕೇ ಇಂಥ ಒಂದು ಪೆಟ್ಟಿಗೆ ಆಗಾಗ ಕೇಳ್ತಾ ಇರುತ್ತೆ, ಇನ್ನೂ ಯಾರಿಗೆ ಬೇಕು ಅಂತ. ಟೀವಿ ನನಗೆ ಬೇಕು ಅನ್ನುತ್ತೆ. ಮಹಡಿಗಳಲ್ಲಿರೋ ಬಾಕಿ ಪೆಟ್ಟಿಗೆಗಳು ಅದನ್ನ ಕದ್ದು ಕೇಳಿಸ್ಕೊಂಡು ಆ ಕಡೆ ಮಾತ್ರ ಬಿಡ್ತವೆ. ಉತ್ತರ ಬರ್ಲಿಲ್ವಾ, ಯಾರೂ ಇಲ್ಲ ಅಂದ್ಕೊಂಡು ನಿಲ್ಲಿಸಿಬಿಡ್ತವೆ.”

ಅಷ್ಟರಲ್ಲಿ ಫೋನು. ನಾಲ್ಕನೆಯ ಮಹಡಿಯ ದಾದಿ.

“ಪಾತಾಳಕ್ಕ, ಮೂಲೆ ಹಾಸಿಗೆಯವರ ಚಿತ್ರ ನಿಂತೋಗಿದೆ. ಮಗು ಅಲುಗಾಡ್ತಿಲ್ಲ ಅಂತ ಹೊಲಿಗೆ ಮೇಲೇ ಎದ್ದು ಹೊರಟಿದ್ದಾರೆ. ಟೀವಿ ಆರಿಸಿ ಹಾಕಿದ್ರೆ ಬರುತ್ತೆ, ಆಮೇಲೆ ಮತ್ತೆ ಕಲ್ಲಾಗುತ್ತೆ.”

“ಮೊದ್ಲು ಎರಡನೇ ಮಹಡಿಗೆ ಫೋನ್ ಹಚ್ಚಿ ಸಿಸ್ಟರ್. ಮಗು ಹೇಗಿದೆ ಅಂತ ಆ ತಾಯಿ ಅಲ್ಲಿನ ಸಿಸ್ಟರ್ ಬಾಯಿಂದಾನೇ ಕೇಳ್ಲಿ. ಚಿತ್ರ ನಾನು ನೋಡ್ಕೋತೀನಿ.”

ಫೋನಿಟ್ಟು ಪಾತಾಳಕ್ಕ ಕಪಾಟಿನ ಬಾಗಿಲು ಮತ್ತೆ ತೆರೆಯುತ್ತಾರೆ. ಇಳಿಸಿಟ್ಟ ಹಳೆಯ ಪೆಟ್ಟಿಗೆಯೇ ಇಷ್ಟು ದಿನ ಆ ಪ್ರಶ್ನೆ ಕೇಳುತ್ತಿದ್ದುದು. ಹೊಸದಕ್ಕೆ ಕೇಳೆಂದು ಹೇಳಿಕೊಟ್ಟಿಲ್ಲ. “ಬದಲಾಯಿಸಿದ ಕೂಡ್ಲೇ ಟೀವಿಗಳು ಹೊಸದಾಗಿ ಕೇಳಿದ್ವು, ಚಿತ್ರ ಹರೀತು. ಒಂದ್ಸಲ ಕೇಳಿದ್ದರ ಬಲ ಕೆಲವೇ ನಿಮಿಷ. ಅಷ್ಟು ಹೊತ್ತೂ ಕಾಯದೇ ಬಾಗಿಲು ಹಾಕಿದ್ನಲ್ಲ, ನನ್ನ ಬುದ್ಧಿಗಿಷ್ಟು.”

ಬೆರಳುಗಳು ಕೀಲಿಮಣೆಯ ಮೇಲೆ ಓಡುತ್ತವೆ. ಹೊಸ ಪೆಟ್ಟಿಗೆ ತನ್ನ ಮೊದಲ ಪ್ರಶ್ನೆಯನ್ನು ಕತ್ತಲೆಯ ತಂತಿಗಳಿಗೆ ಕಳಿಸುತ್ತದೆ. ಮತ್ತೆ ಫೋನಿಗೆ ಬಂದ ದಾದಿ ಟೀವಿಯನ್ನು ಇನ್ನೊಮ್ಮೆ ಆರಿಸಿ ಹಾಕುತ್ತಾರೆ. ಮೂಲೆ ಹಾಸಿಗೆಯ ಸಾಲಿನಲ್ಲಿ ಸತ್ತಂತಿದ್ದ ಅಂಕಿ ಏರತೊಡಗುತ್ತದೆ.

“ಬಂತು ಕಣಕ್ಕ. ಕಾಲು ಝಾಡಿಸ್ತಾ ಇದೆ, ಪೋಕರಿ. ಅಮ್ಮನೂ ಮಲಗಿದ್ರು. ಮೇಲೆ ಬಂದು ಮುಖ ತೋರಿಸ್ಬಾರ್ದಾ?”

“ಈ ಮುಖ ನೋಡಿದ್ರೆ ಇನ್ನೊಂದ್ಸಲ ಎದ್ದು ಓಡ್ತಾರೆ, ಬಿಡಿ.”

ಈ ಸಲ ಬಾಗಿಲು ಮುಚ್ಚದೆ ಕಾಯುತ್ತಾರೆ. ಕಾಯುತ್ತಲೇ ಹಿಂದಿನದು ಬಿಚ್ಚಿಕೊಳ್ಳುತ್ತದೆ: ಮನೆಮನೆಗೆ ವೈರಿಂಗ್ ಮಾಡುತ್ತಿದ್ದ ಅಪ್ಪ, ಅವರ ಏಣಿ ಹಿಡಿದು ಕಲಿತ ಕೆಲಸ, ಅಪ್ಪ ಹೋದ ಮೇಲೆ ಒಂದೇ ತಟ್ಟೆ ತೊಳೆಯುವ ಅಡುಗೆಮನೆ. ಮದುವೆಯಾಗಿ ದೂರವಿರುವ ತಂಗಿ ಫೋನಿನಲ್ಲಿ ರೇಗಿಸುತ್ತಾಳಂತೆ: “ಪೆಟ್ಟಿಗೆಗಳ ಜೊತೆ ಆಡೋ ಮಾತಲ್ಲಿ ಕಾಲುಭಾಗ ನನ್ನ ಜೊತೆ ಆಡೇ ಅಕ್ಕ.”

ಈ ಶಿಶುಗಳಲ್ಲಿ ಒಂದನ್ನೂ ಅವರು ಕಂಡಿಲ್ಲ. ಒಂದು ಗುಂಡಿ ಒತ್ತಿದರೆ ಆ ಚಿತ್ರ ಇಲ್ಲಿಗೂ ಬರುತ್ತದೆ. “ಅದು ತಾಯಿ ಕೇಳೋ ಚಿತ್ರ. ನಾನ್ಯಾರು ಕೇಳೋಕೆ?”

ಮುಂದೊಂದು ದಿನ ಯಾವುದೋ ಹಾಸಿಗೆಯ ಟೀವಿಯಿಂದ ‘ಇನ್ನು ಬೇಡ’ ಎಂಬ ಸಂದೇಶ ಬರುತ್ತದೆ. ಸ್ವಿಚ್ಚು ಆ ಸಾಲನ್ನು ಅಳಿಸುತ್ತದೆ. ಪಾತಾಳಕ್ಕ ಬರಿದಾದ ಜಾಗವನ್ನೇ ನೋಡುತ್ತ ಕೂರುತ್ತಾರೆ.

“ಮಗು ಮಡಿಲಿಗೆ ಬಂದಿದ್ರೂ ಅದೇ ಸಂದೇಶ, ಬರದೇ ಹೋಗಿದ್ರೂ ಅದೇ. ಇಲ್ಲಿ ಕೂತವಳಿಗೆ ಹೇಗೆ ಗೊತ್ತಾಗ್ಬೇಕು? ಮನೆಗೆ ಹೊರಟ ದಿನ ಯಾರಾದ್ರೂ ಕೆಳಗೊಂದು ಫೋನ್ ಮಾಡಿ, ‘ಕರ್ಕೊಂಡು ಹೋಗ್ತಿದ್ದೀವಿ’ ಅಂದ್ರೆ ಸಾಕು ನೋಡಿ.”