ಕಲ್ಲೇಶ ಹಿಡಿದ ಕೆಂಪು

ಕಲ್ಲೇಶನ ಜೊತೆ ಕೂತು ನೆಮ್ಮದಿಯಾಗಿ ಒಂದು ಲೋಟ ಕಾಫಿ ಕುಡಿದವರು ಮೂಡಿಗೆರೆಯಲ್ಲಿ ಯಾರಾದರೂ ಇದ್ದರೆ ನನಗೆ ತೋರಿಸಿ. ಅವನದು ವಿಡಿಯೊ ಸ್ಟುಡಿಯೊ, ಪಕ್ಕದಲ್ಲೇ ನನ್ನ ಬಳೆ ಅಂಗಡಿ. ಹೋಟೆಲಿಗೆ ಹೋದರೆ ಅವನ ಕಣ್ಣು ಮೊದಲು ಟೀವಿಯ ಮೇಲೆ. "ಆ ವಾರ್ತೆ ಓದೋಳ ಮುಖ ನೋಡು ಓಂಕಾರ, ಬೀಟ್‌ರೂಟ್ ಆಗಿದೆ," ಎಂದು ಎದ್ದು ಹೋಗಿ ಬಣ್ಣ ಇಳಿಸುತ್ತಾನೆ. ಹೋಟೆಲಿನವರು ಬಂದು ಏರಿಸುತ್ತಾರೆ. ಇವನು ಮತ್ತೆ ಏಳುತ್ತಾನೆ. ಅಷ್ಟರಲ್ಲಿ ನನ್ನ ಕಾಫಿ ಆರಿ ತಣ್ಣಗಾಗಿರುತ್ತದೆ.

ಆಗ ನಮ್ಮ ಕಡೆ ಟೀವಿಗಳ ಬಣ್ಣ ತುದಿಗೇರಿಸಿಯೇ ಇರುತ್ತಿತ್ತು. ಗುಡ್ಡಗಳ ನಡುವೆ ಆಂಟೆನಾಗೆ ಸಿಗುತ್ತಿದ್ದ ಚಿತ್ರ ಅಕ್ಕಿ ತೊಳೆದ ನೀರಿನ ಹಾಗೆ ಪೇಲವ. ಅದಕ್ಕೆಂದು ಜನ ಬಣ್ಣ ಪೂರ್ತಿ ಏರಿಸಿದರು. ಆಮೇಲೆ ಡಿಶ್ ಬಂತು, ಡಿವಿಡಿ ಬಂತು, ಬಣ್ಣ ಇಳಿಸುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಹಾಗಾಗಿ ಕಲ್ಲೇಶ ಕಷ್ಟಪಟ್ಟು ಮಾಡಿದ ಮದುವೆ ಡಿವಿಡಿ ಮನೆಯಲ್ಲಿ ಹಾಕಿದರೆ ಮದುಮಗ ಕುಡಿದು ಬಂದವನ ಹಾಗೆ ಕಾಣುತ್ತಿದ್ದ. ಮದುವೆ ಹುಡುಗಿಯರ ಅಪ್ಪಂದಿರು ಜಗಳಕ್ಕೆ ಬಂದರೆ ಇವನದು ಒಂದೇ ಮಾತು: "ನನ್ನ ಸೆಟ್ಟಿಂಗ್ ಸರಿ ಇದೆ. ನಿಮ್ಮ ಟೀವಿ ಸರಿ ಇಲ್ಲ." ಹೀಗಂದರೆ ವ್ಯಾಪಾರ ಉದ್ಧಾರವಾಗುತ್ತದೆಯೇ?

ಎರಡು ಸಾವಿರದ ಐದರಲ್ಲಿ ಬಾಳೂರು ಕಡೆಯ ಪ್ಲಾಂಟರ್ ದೇವರಾಜ ಗೌಡರ ಮಗಳು ಕೃತಿಕಾ ಸ್ಟುಡಿಯೊಗೆ ಬಂದಳು. ಆ ವರ್ಷದ ಕೊಯ್ಲನ್ನು ಗೌಡರು ಮೊದಲ ಸಲ ಅವಳ ಕೈಗೆ ಬಿಟ್ಟಿದ್ದರು. ಬಿಟ್ಟದ್ದೂ ಎಂಥ ಮಾತಿನ ಮೇಲೆ! ದೋರೆಗಾಯಿ, ಅಂದರೆ ಅರೆಬರೆ ಹಣ್ಣಾದದ್ದು, ಬುಟ್ಟಿಗೆ ಬಿದ್ದದ್ದು ಗೊತ್ತಾದರೆ ಮುಂದಿನ ವರ್ಷದಿಂದ ತೋಟ ಗೌಡರ ಅಣ್ಣನ ಮಗ ನಂದನ್ ಕೈಗೆ. ಅವಳು ಮತ್ತೆ ತೋಟದ ಮಾತೆತ್ತುವ ಹಾಗಿಲ್ಲ. ಕೊಯ್ಲಿಗೆ ಬಂದವರೋ ಕಾಫಿ ಗಿಡವನ್ನೇ ಕಂಡಿರದ ಬಯಲುಸೀಮೆಯ ಹೊಸ ಆಳುಗಳು.

"ಕಲ್ಲೇಶಣ್ಣ, ಯಾವ ಹಣ್ಣು ಕೊಯ್ಬೇಕು, ಯಾವುದನ್ನು ಬಿಡ್ಬೇಕು ಅಂತ ಒಂದು ಡಿವಿಡಿ ಮಾಡಿಕೊಡಿ. ಆಳುಗಳಿರೋ ಲೈನ್ ಮನೆ ಟೀವೀಲಿ ಹಾಕ್ತೀನಿ," ಎಂದಳು.

ಕಲ್ಲೇಶನಿಗೆ ಬೇಕಾಗಿದ್ದೇ ಅದು. ತೋಟದಲ್ಲಿ ಚಿತ್ರ ತೆಗೆದು ತಂದವನು ಕಂಪ್ಯೂಟರಿನ ಮುಂದೆ ಅಂಟಿಕೊಂಡ. ಮದುವೆ ಮನೆಯವರು ಬಂದು ಬಾಗಿಲು ಬಡಿದು ಹೋದರು. ಚಿತ್ರವನ್ನು ಡಿಸ್ಕಿಗೆ ಕುಗ್ಗಿಸುವಾಗ ಮೊದಲು ಕೆಡುವುದು ಕೆಂಪೇ ಅಂತೆ. ಬಿಟ್ ರೇಟ್, ಅಂದರೆ ಚಿತ್ರಕ್ಕೆ ಡಿಸ್ಕಿನಲ್ಲಿ ಕೊಡುವ ಜಾಗ, ಕಡಿಮೆ ಇಟ್ಟರೆ ಹಣ್ಣಿನ ಅಂಚು ಎಲೆಗೆ ಹರಡುತ್ತದೆ, ಕಂಪ್ಯೂಟರಿನ ಕಪ್ಪೇ ಬೇರೆ, ಟೀವಿಯ ಕಪ್ಪೇ ಬೇರೆ, ಅದನ್ನು ಹೊಂದಿಸದಿದ್ದರೆ ಬಣ್ಣವೆಲ್ಲ ಅಡಿಮೇಲು. ಇದನ್ನೆಲ್ಲ ಗಿರಾಕಿಗೆ ಬಳೆ ತೊಡಿಸುತ್ತಿದ್ದ ನನ್ನ ಮುಂದೆ ನಿಂತು ಹೇಳುತ್ತಾನೆ! ಕೊನೆಗೊಂದು ದಿನ ನನ್ನನ್ನು ಎಳೆದುಕೊಂಡು ಹೋಗಿ, ತನ್ನ ಟೀವಿಯ ಪಕ್ಕ ನಿಜವಾದ ಹಣ್ಣಿನ ಕೊಂಬೆ ಹಿಡಿದ. ಸುಳ್ಳು ಯಾಕೆ ಹೇಳಲಿ, ಪರದೆಯ ಹಣ್ಣಿಗೂ ಕೊಂಬೆಯ ಹಣ್ಣಿಗೂ ವ್ಯತ್ಯಾಸವೇ ಇರಲಿಲ್ಲ.

ಡಿವಿಡಿ ಹೋಯಿತು. ಕೊಯ್ಲಿನ ಮೊದಲ ದಿನವೇ ಕೃತಿಕಾಳ ಫೋನು. ನಾವಿಬ್ಬರೂ ಜೀಪು ಹತ್ತಿ ಹೋದೆವು. ಮೂಟೆಗಳ ತುಂಬ ದೋರೆಗಾಯಿ. ಆಳುಗಳ ಜೊತೆ ಬಂದಿದ್ದ ಮೇಸ್ತ್ರಿ ಮಾರಯ್ಯನಿಗೆ ಯಾವ ಗಾಬರಿಯೂ ಇಲ್ಲ.

"ಟೀವೀಲಿ ಕೊಯ್ಯೋದೂ ಕೆಂಪೇ, ಬಿಡೋದೂ ಕೆಂಪೇ. ಎರಡೂ ಕೊಯ್ರಿ ಅಂದೆ," ಎಂದ.

ಲೈನಿನ ಟೀವಿಯ ಬಣ್ಣ ತುದಿಯಲ್ಲಿತ್ತು. ಅದರಲ್ಲಿ ದೋರೆಗಾಯಿಯೂ ರಕ್ತದ ಬಣ್ಣಕ್ಕೆ ತಿರುಗಿತ್ತು. ಕಲ್ಲೇಶ ಇಳಿಸಿದ. ಅವನು ಬಾಗಿಲು ದಾಟುವಷ್ಟರಲ್ಲಿ ಗಿಡ್ಡಮ್ಮ ಎನ್ನುವ ಹೆಂಗಸು, "ಟೀವಿ ಕೆಡಿಸಿ ಹೋಯ್ತಾವ್ನೆ," ಎಂದು ಬೈದು ಮತ್ತೆ ಏರಿಸಿದಳು. ಇವನು ತಿರುಗಿ ಹೋಗಿ ಇಳಿಸಿದ. ಅವಳು ಮತ್ತೆ ಏರಿಸಿದಳು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಪುಣ್ಯಕ್ಕೆ ಗೌಡರು ಯಾವುದೋ ಮದುವೆಗೆ ಹಾಸನಕ್ಕೆ ಹೋಗಿದ್ದರು. ಕೃತಿಕಾ ಆ ಹಣ್ಣನ್ನೆಲ್ಲ ಅವರ ಕಣ್ಣಿಗೆ ಬೀಳದ ಹಾಗೆ ಕೆಳಗಿನ ಕಣದಲ್ಲಿ ಹರಡಿಸಿದಳು.

"ಕಲ್ಲೇಶಣ್ಣ, ಈ ಟೀವೀಲಿ ಸರಿ ಕಾಣೋ ಹಾಗೆ ಡಿವಿಡೀನೇ ಬದಲಾಯ್ಸಿ. ಬಣ್ಣ ಕಮ್ಮಿ ಮಾಡಿ."

"ಅದು ತಪ್ಪು ಬಣ್ಣ ಆಗುತ್ತೆ. ನಾನು ಹಾಗೆ ಮಾಡಲ್ಲ."

"ನಾಳೆಯೂ ಹೀಗೇ ಬಂದ್ರೆ ನನ್ನ ಕಥೆ ಮುಗೀತು."

ಕಲ್ಲೇಶ ಕಣದಲ್ಲಿ ಹರಡಿದ್ದ ದೋರೆಗಾಯಿ ನೋಡಿದ, ಅವಳ ಮುಖ ನೋಡಿದ. ಅಂದೇ ಹಣ್ಣಿನ ಬಣ್ಣವನ್ನೆಲ್ಲ ಹಿಂಡಿ ತೆಗೆದು, ಬೂದಿ ಬಳಿದಂಥ ಇನ್ನೊಂದು ಡಿಸ್ಕ್ ಮಾಡಿ ಕಳಿಸಿದ. ಲೈನಿನ ಟೀವಿಯಲ್ಲಿ ಅದು ಚೊಕ್ಕವಾಗಿ ಕಂಡಿತಂತೆ. ಎರಡೂ ಇದ್ದರೆ ಗೊಂದಲ ಎಂದು ಕೃತಿಕಾ ಮೊದಲಿನದನ್ನು ವಾಪಸು ಕೊಟ್ಟಳು. ಆಮೇಲೆ ಬುಟ್ಟಿಗೆ ಒಳ್ಳೆಯ ಹಣ್ಣೇ ಬಂತು, ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯೂ ಹೆಸರು ಮಾಡಿತು.

ಆ ಖುಷಿಗೆ ಗೌಡರು ಅಕ್ಕಪಕ್ಕದ ಪ್ಲಾಂಟರುಗಳನ್ನು ಊಟಕ್ಕೆ ಕರೆದರು, ನಮ್ಮನ್ನೂ ಕರೆದರು. ಊಟವಾದ ಮೇಲೆ ಲೈನಿನಿಂದ ಡಿವಿಡಿ ತರಿಸಿ, "ನನ್ನ ಮಗಳ ಐಡಿಯಾ ನೋಡ್ರಿ," ಎಂದು ತಮ್ಮ ಹೊಸ ದೊಡ್ಡ ಟೀವಿಗೆ ಹಾಕಿದರು. ಅದರ ಬಣ್ಣ ಸರಿಯಾಗಿತ್ತು. ಸತ್ತ ಹಣ್ಣು, ಹೆಣದಂಥ ಮುಖಗಳು, ಮೇಲೆ ದಪ್ಪಕ್ಷರದಲ್ಲಿ ಕಲ್ಲೇಶನ ಸ್ಟುಡಿಯೊದ ಹೆಸರು. ಪ್ಲಾಂಟರುಗಳು ಬಿದ್ದು ಬಿದ್ದು ನಕ್ಕರು.

"ಏನ್ರೀ ಕಲ್ಲೇಶ್, ಬಣ್ಣದಲ್ಲಿ ನಿಮ್ಮನ್ನ ಬಿಟ್ರೆ ಇಲ್ಲ ಅಂತಿದ್ರಿ. ಹಿಂಗ್ಯಾಕೆ ಮಾಡಿದ್ರಿ?" ಎಂದರು ಗೌಡರು.

ಯಾಕೆಂದು ಹೇಳಿದರೆ ಮೊದಲ ದಿನದ ಮೂಟೆಗಳ ಕಥೆಯೂ ಹೊರಬೀಳುತ್ತಿತ್ತು. ಬಾಗಿಲ ಬಳಿ ನಿಂತಿದ್ದ ಕೃತಿಕಾಳ ಮುಖದಲ್ಲಿ ರಕ್ತವೇ ಇರಲಿಲ್ಲ. ನಂದನ್ ಸೋಫಾದ ಮೇಲೆ ಕೂತು ನಗುತ್ತಿದ್ದ.

ಕಲ್ಲೇಶ ಎದ್ದು ನಿಂತ. "ಸೆಟ್ಟಿಂಗ್ ತಪ್ಪಿತ್ತು ಗೌಡ್ರೇ. ನಂದೇ ತಪ್ಪು," ಎಂದ.

ವಾಪಸು ಬರುವಾಗ ಬಾಯಿಗೆ ಬಂದ ಹಾಗೆ ಬೈದೆ. "ಸರಿಯಾದ ಡಿಸ್ಕು ನಿನ್ನ ಹತ್ರಾನೇ ಇದೆ, ಬಾಯಿ ಬಿಡೋಕೇನು ರೋಗ ನಿಂಗೆ?"

"ಆ ಹುಡುಗಿ ಅಲ್ಲೇ ನಿಂತಿತ್ತಲ್ಲ ಮಾರಾಯ," ಎಂದ, ಅಷ್ಟೇ.

ಗೌಡರು ಈಗಿಲ್ಲ, ಅದಕ್ಕೇ ಇದನ್ನೆಲ್ಲ ಹೇಳುತ್ತಿದ್ದೇನೆ. ತೋಟವನ್ನು ಕೃತಿಕಾಳೇ ನೋಡಿಕೊಳ್ಳುತ್ತಿದ್ದಾಳೆ. ಇಲ್ಲಿ ಸ್ಟುಡಿಯೊದಲ್ಲಿ ಮಾತ್ರ ಮದುವೆ ಹುಡುಗಿಯರ ಅಪ್ಪಂದಿರು ಡಿವಿಡಿ ಹಿಡಿದು ಬಂದು, "ಸೆಟ್ಟಿಂಗ್ ತಪ್ಪು ಅಂತ ಗೌಡ್ರ ಮನೇಲಿ ನೀವೇ ಒಪ್ಕೊಂಡಿದ್ರಂತೆ," ಎನ್ನುತ್ತಾರೆ. ಕಲ್ಲೇಶ ಎದುರಾಡುವುದಿಲ್ಲ. ತಲೆ ತಗ್ಗಿಸಿ, ಹೊಸ ಡಿಸ್ಕ್ ತೆಗೆದು, ಅವರ ಮನೆಯ ಟೀವಿಗೆ ತಕ್ಕ ಹಾಗೆ ಬಣ್ಣ ಕೆಡಿಸಿ ಕೊಡುತ್ತಾನೆ.